‘ಇಷ್ಟೊಂದು ಜನ ಇದ್ದರಲ್ಲ, ಯಾಕೆ ತಿರುಗಿ ಬೀಳಲಿಲ್ಲ?’

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸು. ನಾಜಿ ಜರ್ಮನಿಯ ಪಾಠಕ್ಕೆ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ಟೋಪಿ ಹಾಕಿಕೊಂಡ ಪುಟ್ಟ ಹುಡುಗನೊಬ್ಬ ಎರಡೂ ಕೈ ಮೇಲೆತ್ತಿ ನಿಂತಿರುವ ಫೋಟೊ ಅವನ ಕಣ್ಣಿಗೆ ಬಿತ್ತು. ಹಿಂದೆ ಬಂದೂಕು ಹಿಡಿದ ಸೈನಿಕ. ‘ಅಮ್ಮ, ಇಷ್ಟೊಂದು ಜನ ಇದ್ದಾರೆ, ಸೈನಿಕರು ಕೆಲವರೇ. ಯಾಕೆ ಯಾರೂ ತಿರುಗಿ ಬೀಳಲಿಲ್ಲ? ಹರೆಯದವರಾದರೂ ಹೊಡೆದಾಡಬಹುದಿತ್ತಲ್ವಾ?’ ಅಂತ ಕೇಳಿದ. ನನಗೆ ಉತ್ತರ ತೋಚಲಿಲ್ಲ. ನಮ್ಮ ಮಾವನವರು, ‘ಗಾಂಧೀಜಿ ಆಗಲೇ ಹೇಳಿದ್ದರು. ಸತ್ಯಾಗ್ರಹ ಮಾಡಿದ್ದರೆ ಲೋಕದ ಕಣ್ಣು ತೆರೆಯುತ್ತಿತ್ತು’ ಅಂದರು. ನನ್ನ ತಮ್ಮ, ‘ಕುರಿಗಳ ಹಾಗೆ ಹೋದರು. ಆನ್ ಫ್ರಾಂಕ್ ಥರ ಕೆಲವರು ಬಚ್ಚಿಟ್ಟುಕೊಂಡರು, ಅಷ್ಟೆ’ ಅಂದ. ಮಗನಿಗೆ ಯಾವುದೂ ಸಮಾಧಾನ ಆಗಿಲ್ಲ. ನಿಜ ಏನು? ಹದಿನಾಲ್ಕು ವರ್ಷದವನಿಗೆ ಎಷ್ಟು ಹೇಳಬೇಕು, ಹೇಗೆ ಹೇಳಬೇಕು? ಪ್ರಾಜೆಕ್ಟಿಗೆ ಯಾರ ಬಗ್ಗೆ ಬರೆಯಲಿ ಅಂತಲೂ ಕೇಳುತ್ತಿದ್ದಾನೆ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಆ ಫೋಟೊದಿಂದಲೇ ಶುರು ಮಾಡೋಣ. ಅದರಲ್ಲೇ ಅರ್ಧ ಉತ್ತರ ಇದೆ.

ಅದು 1943ರಲ್ಲಿ ಪೋಲೆಂಡಿನ ವಾರ್ಸಾ ಘೆಟ್ಟೊದಲ್ಲಿ ತೆಗೆದದ್ದು. ಘೆಟ್ಟೊ ಅಂದರೆ ಯಹೂದಿಗಳನ್ನು ಕೂಡಿಹಾಕಲು ಊರಿನ ಮಧ್ಯೆಯೇ ಗೋಡೆ ಕಟ್ಟಿ ಬೇರೆ ಮಾಡಿದ ಜಾಗ. ಫೋಟೊ ತೆಗೆದವರು ಜರ್ಮನ್ನರೇ. ಘೆಟ್ಟೊದ ದಂಗೆ ಅಡಗಿಸಿದ ಯೂರ್ಗನ್ ಸ್ಟ್ರೂಪ್ ಅನ್ನುವ, ನಾಜಿಗಳ ಸಶಸ್ತ್ರ ಪಡೆಯಾದ ಎಸ್‌ಎಸ್ ಅಧಿಕಾರಿ ತನ್ನ ಮೇಲಿನವರಿಗೆ ಕಳಿಸಿದ ವರದಿಗೆ ಅದನ್ನು ಅಂಟಿಸಿದ್ದ. ಕೆಳಗೆ, ಬಂಕರುಗಳಿಂದ ಬಲವಂತವಾಗಿ ಹೊರಗೆಳೆದವರು ಅನ್ನುವ ಅರ್ಥದ ಒಂದು ಸಾಲಿತ್ತು. ಆ ಜನ ಕರೆದ ಕೂಡಲೇ ಬಂದು ಸಾಲಾಗಿ ನಿಂತವರಲ್ಲ. ನೆಲದಡಿ ಅಡಗುತಾಣ ಮಾಡಿಕೊಂಡು, ಏನಾದರೂ ಆಗಲಿ ಹೊರಗೆ ಬರುವುದಿಲ್ಲ ಅಂತ ಕೂತವರು. ಜರ್ಮನ್ನರು ಒಂದೊಂದೇ ಕಟ್ಟಡಕ್ಕೆ ಬೆಂಕಿ ಹಚ್ಚಿ, ಹೊಗೆ ಹಾಕಿ ಅವರನ್ನು ಹೊರಗೆ ತೆಗೆದರು. ನಿಮ್ಮ ಮಗ ನೋಡಿದ್ದು ತಿರುಗಿ ಬಿದ್ದ ಜಾಗದ ಫೋಟೊವನ್ನೇ. ಆದರೆ ಕ್ಯಾಮೆರಾ ಇದ್ದದ್ದು ಕೊಂದವರ ಕೈಯಲ್ಲಿ. ತಮಗೆ ಬೇಕಾದ ಗಳಿಗೆಯನ್ನು ಅವರು ತೆಗೆದರು. ಈಗ ನಮ್ಮ ಕೈಗೆ ಸಿಗುವ ಎಷ್ಟೋ ಫೋಟೊಗಳ ಕಥೆ ಇದೇ.

ಯಾಕೆ ಹೊಡೆದಾಡಲಿಲ್ಲ ಅನ್ನುವ ಪ್ರಶ್ನೆ ನನ್ನ ತರಗತಿಯಲ್ಲೂ ಪ್ರತಿ ವರ್ಷ ಏಳುತ್ತಿತ್ತು. ಕೇಳುವ ಮಕ್ಕಳ ತಪ್ಪಿಲ್ಲ. ಪಠ್ಯಪುಸ್ತಕದಲ್ಲಿ ಸತ್ತವರ ಲೆಕ್ಕ ಇರುತ್ತದೆ: 60 ಲಕ್ಷ ಯಹೂದಿಗಳು, ಅವರಲ್ಲಿ ಸುಮಾರು 15 ಲಕ್ಷ ಮಕ್ಕಳು. ಅವರು ಬದುಕಿದ್ದಾಗ ದಿನದಿನ ಏನೇನು ಮಾಡಿದರು ಅನ್ನುವುದು ಇರುವುದಿಲ್ಲ. ಹಾಗಾಗಿ ಏನೂ ಮಾಡಲಿಲ್ಲ ಅನ್ನಿಸಿಬಿಡುತ್ತದೆ.

ನಿಮ್ಮ ತಮ್ಮ ಆಡಿದ ಮಾತಿನ ಹಿನ್ನೆಲೆ ಹೇಳುತ್ತೇನೆ. 1941ರ ಡಿಸೆಂಬರ್ 31ರ ರಾತ್ರಿ, ಈಗಿನ ಲಿಥುವೇನಿಯಾದ ವಿಲ್ನಾ ಘೆಟ್ಟೊ. ಒಂದು ಗಂಜಿ ಕೇಂದ್ರದಲ್ಲಿ ಸುಮಾರು 150 ಹುಡುಗ ಹುಡುಗಿಯರು ಸೇರಿದ್ದರು. ಹೊರಗಿನವರಿಗೆ ಹೇಳಿದ ನೆಪ ಹೊಸ ವರ್ಷದ ಪಾರ್ಟಿ. ಅಷ್ಟು ಹೊತ್ತಿಗೆ ಆ ಊರಿನ ಅರ್ಧಕ್ಕಿಂತ ಜಾಸ್ತಿ ಯಹೂದಿಗಳನ್ನು ಪಕ್ಕದ ಪೊನಾರಿ ಕಾಡಿನ ಗುಂಡಿಗಳ ಹತ್ತಿರ ಗುಂಡಿಟ್ಟು ಕೊಂದಾಗಿತ್ತು. ಅಲ್ಲಿ 23 ವರ್ಷದ ಅಬ್ಬಾ ಕೋವ್ನರ್ ಎದ್ದು ನಿಂತು ಒಂದು ಹೇಳಿಕೆ ಓದಿದ. ಹಿಟ್ಲರ್ ಯುರೋಪಿನ ಯಹೂದಿಗಳೆಲ್ಲರನ್ನೂ ಮುಗಿಸಲು ಹೊರಟಿದ್ದಾನೆ, ಕಡಿಯಲು ಒಯ್ಯುವ ಕುರಿಗಳ ಹಾಗೆ ಹೋಗುವುದು ಬೇಡ, ಎದುರು ನಿಲ್ಲೋಣ ಅನ್ನುವುದು ಅದರ ಸಾರ. ತನ್ನವರನ್ನು ಎಬ್ಬಿಸಲು ಅವನು ಆಡಿದ ಮಾತು ಅದು. ಸತ್ತವರನ್ನು ಹಳಿಯಲು ಅದನ್ನೇ ಬಳಸುವವರು ಆಮೇಲೆ ಹುಟ್ಟಿಕೊಂಡರು. ಮೂರು ವಾರದಲ್ಲಿ ಆ ಹುಡುಗರು ಭೂಗತ ಸಂಘಟನೆ ಕಟ್ಟಿದರು.

ವಿಲ್ನಾ ಒಂದೇ ಅಲ್ಲ. ಪೂರ್ವ ಯುರೋಪಿನ ಸುಮಾರು 100 ಘೆಟ್ಟೊಗಳಲ್ಲಿ ಇಂಥ ಗುಂಪುಗಳಿದ್ದವು. ಕಾಡು ಸೇರಿ ಗೆರಿಲ್ಲಾಗಳಾದ ಯಹೂದಿಗಳು 20,000ದಿಂದ 30,000. ಟ್ರೆಬ್ಲಿಂಕಾ, ಸೋಬಿಬೋರ್, ಆಶ್ವಿಟ್ಸ್‌ನಂಥ ಸಾವಿನ ಶಿಬಿರಗಳ ಒಳಗೇ ಕೈದಿಗಳು ದಂಗೆ ಎದ್ದರು. ಘೆಟ್ಟೊಗಳ ಗುಂಪುಗಳನ್ನು ಮುಂದೆ ನಿಂತು ನಡೆಸಿದವರಲ್ಲಿ ಹೆಚ್ಚಿನವರು ಹರೆಯದವರು, ಯುದ್ಧಕ್ಕೆ ಮುಂಚೆ ಯುವಕ ಸಂಘಗಳಲ್ಲಿ ಹಾಡು, ಚಾರಣ, ಚರ್ಚೆ ಅಂತ ಒಟ್ಟಿಗೆ ಬೆಳೆದವರು. ಊರೂರಲ್ಲಿ ಸ್ನೇಹಿತರಿದ್ದರು, ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇತ್ತು. ಭೂಗತ ಕೆಲಸಕ್ಕೆ ಆಯುಧಕ್ಕಿಂತ ಮೊದಲು ಬೇಕಾಗುವುದು ಅದು.

ಹಾಗಾದರೆ ಎಲ್ಲರೂ ಯಾಕೆ ಏಳಲಿಲ್ಲ?

ಕಾರಣಗಳಲ್ಲಿ ಕೆಲವನ್ನು ಬೇಗ ಹೇಳಬಹುದು. ಒಂದು ಹಸಿವು. ವಾರ್ಸಾ ಘೆಟ್ಟೊದೊಳಗೆ 4 ಲಕ್ಷಕ್ಕಿಂತ ಜಾಸ್ತಿ ಜನರನ್ನು ತುರುಕಿದ್ದರು. ಸರ್ಕಾರಿ ರೇಷನ್ ಒಬ್ಬರಿಗೆ ದಿನಕ್ಕೆ 200 ಕ್ಯಾಲೊರಿಯೂ ಇರಲಿಲ್ಲ. ಸಾವಿನ ಶಿಬಿರಕ್ಕೆ ಒಯ್ಯುವ ರೈಲುಗಳು ಹೊರಡುವ ಮುಂಚೆಯೇ ಸುಮಾರು 83,000 ಜನ ಹಸಿವು, ರೋಗಗಳಿಂದ ಸತ್ತರು. ಇನ್ನೊಂದು ಮೋಸ. ರೈಲು ಹತ್ತಿಸುವಾಗ ಜರ್ಮನ್ನರು ‘ಪೂರ್ವಕ್ಕೆ ಕೆಲಸಕ್ಕೆ ಕಳಿಸುತ್ತಿದ್ದೇವೆ’ ಅಂದರು. ತಾವಾಗಿ ಬಂದವರಿಗೆ 3 ಕೆ.ಜಿ. ಬ್ರೆಡ್ಡು, 1 ಕೆ.ಜಿ. ಜಾಮ್ ಕೊಡುತ್ತೇವೆ ಅಂತ ಸಾರಿದರು. ವಾರಗಟ್ಟಲೆ ಅನ್ನ ಕಾಣದ ಮನೆಯವರು ಅದನ್ನು ಕೇಳಿ ಏನು ಅಂದುಕೊಂಡಿರಬಹುದು ಅಂತ ಮಗನಿಗೇ ಯೋಚಿಸಲು ಬಿಡಿ. ಕೊಲ್ಲುವುದೇ ಆದರೆ ಬ್ರೆಡ್ಡು ಯಾಕೆ ಕೊಡುತ್ತಾರೆ ಅಂತ ಅನ್ನಿಸುವುದು ಸಹಜ. ಮನುಷ್ಯರನ್ನು ಕೊಲ್ಲಲಿಕ್ಕೆಂದೇ ಕಟ್ಟಿದ ಶಿಬಿರ ಇರಬಹುದು ಅಂತ ಊಹಿಸಲು ಅವರ ಮುಂದೆ ಹಿಂದಿನ ಉದಾಹರಣೆ ಒಂದೂ ಇರಲಿಲ್ಲ. ಮೂರನೆಯದು ಆಯುಧ. ವಾರ್ಸಾದ ಹುಡುಗರಿಗೆ ಪೋಲಿಷ್ ಭೂಗತ ಸೇನೆಯಿಂದ 1942ರ ಕೊನೆಯಲ್ಲಿ ಸಿಕ್ಕಿದ್ದು ಹತ್ತು ಪಿಸ್ತೂಲು.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣವನ್ನು ನಾನು ಯಾವಾಗಲೂ ನಿಧಾನವಾಗಿ ಹೇಳುತ್ತೇನೆ. ಒಬ್ಬ ಏನಾದರೂ ಮಾಡಿದರೆ ಅದರ ಬೆಲೆ ತೆರುತ್ತಿದ್ದವರು ಬೇರೆಯವರು. ಈ ಲೆಕ್ಕವನ್ನು ನಾಜಿಗಳು ಬೇಕೆಂದೇ ಕಟ್ಟಿದ್ದರು.

ಬರ್ಲಿನ್ನಿನಲ್ಲಿ ಹರ್ಬರ್ಟ್ ಬೌಮ್ ಅನ್ನುವವನ ಸುತ್ತ ಯಹೂದಿ ತರುಣ ತರುಣಿಯರ ಒಂದು ಎಡಪಂಥೀಯ ಗುಂಪಿತ್ತು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. 1942ರ ಮೇ 18ರಂದು ಅವರು ನಾಜಿಗಳ ಪ್ರಚಾರ ಪ್ರದರ್ಶನವೊಂದಕ್ಕೆ ಬೆಂಕಿ ಇಟ್ಟರು. ಸುಟ್ಟಿದ್ದು ಸ್ವಲ್ಪ. ಕೆಲವೇ ದಿನಗಳಲ್ಲಿ ಗುಂಪು ಸಿಕ್ಕಿಬಿತ್ತು, ಬೌಮ್ ಬಂಧನದಲ್ಲೇ ಸತ್ತ. ಅಷ್ಟಕ್ಕೆ ಬಿಡಲಿಲ್ಲ. ಈ ಕೆಲಸದ ಸುಳಿವೂ ಇಲ್ಲದ 500 ಯಹೂದಿ ಗಂಡಸರನ್ನು ಹಿಡಿದು, ಅವರಲ್ಲಿ 250 ಜನರಿಗೆ ಗುಂಡು ಹೊಡೆದರು.

ವಿಲ್ನಾದಲ್ಲಿ ಆದದ್ದು ಇನ್ನೂ ಕಷ್ಟದ್ದು. ಕೋವ್ನರ್ ಜೊತೆಯವರ ಸಂಘಟನೆಗೆ ಇಟ್ಸಿಕ್ ವಿಟೆನ್‌ಬರ್ಗ್ ಮುಖ್ಯಸ್ಥ. 1943ರ ಜುಲೈನಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊಗೆ ಅವನ ಹೆಸರು ಸಿಕ್ಕಿತು. ಅವನನ್ನು ಹಿಡಿದರು, ಹುಡುಗರು ಮೇಲೆ ಬಿದ್ದು ಬಿಡಿಸಿಕೊಂಡರು. ಆಗ ಜರ್ಮನ್ನರಿಂದ ಬೆದರಿಕೆ ಬಂತು: ಬೆಳಗಾಗುವುದರೊಳಗೆ ಅವನನ್ನು ಒಪ್ಪಿಸಿ, ಇಲ್ಲದಿದ್ದರೆ ಇಡೀ ಘೆಟ್ಟೊ ಉಳಿಯುವುದಿಲ್ಲ. ಜನ ಬೀದಿಗಿಳಿದರು. ಯಾರ ವಿರುದ್ಧ? ಆ ಹುಡುಗರ ವಿರುದ್ಧ. ಒಬ್ಬನಿಗೋಸ್ಕರ ನಮ್ಮ ಮಕ್ಕಳೆಲ್ಲ ಸಾಯಬೇಕಾ ಅಂತ ಅವರ ಪ್ರಶ್ನೆ. ಹುಡುಗರ ಕೈಯಲ್ಲಿ ಪಿಸ್ತೂಲು ಇತ್ತು. ಎದುರಿಗೆ ನಿಂತವರು ಅಕ್ಕಪಕ್ಕದ ಮನೆಯವರು, ಕೆಲವರ ಸ್ವಂತ ಬಂಧುಗಳು. ಗುಂಡು ಹಾರಿಸುವುದು ಯಾರ ಮೇಲೆ? ಜುಲೈ 16ರಂದು ವಿಟೆನ್‌ಬರ್ಗ್ ತನ್ನ ಜಾಗಕ್ಕೆ ಕೋವ್ನರ್‌ನನ್ನು ನೇಮಿಸಿ, ತಾನೇ ನಡೆದುಕೊಂಡು ಹೋಗಿ ಶರಣಾದ. ಮರುದಿನದ ಹೊತ್ತಿಗೆ ಅವನು ಸತ್ತಿದ್ದ. ಘೆಟ್ಟೊ ಉಳಿಯಿತಾ? ಎರಡು ತಿಂಗಳು. ಸೆಪ್ಟೆಂಬರಿನಲ್ಲಿ ಜರ್ಮನ್ನರು ಅದನ್ನು ಖಾಲಿ ಮಾಡಿಸಿದರು. ಹುಡುಗರಲ್ಲಿ ಕೆಲವು ನೂರು ಜನ ಕಾಡು ಸೇರಿದರು.

ಆ ಬೆಳಿಗ್ಗೆ ಬೀದಿಯಲ್ಲಿ ಕೂಗಿದ ಅಪ್ಪ ಅಮ್ಮಂದಿರನ್ನು ಹೇಡಿಗಳು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮಗೆ ಕೊನೆ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ.

ಈಗ ವಾರ್ಸಾ ದಂಗೆ 1943ರಲ್ಲೇ ಯಾಕೆ ಆಯಿತು ಅನ್ನುವುದು ಅರ್ಥವಾಗುತ್ತದೆ. 1942ರ ಜುಲೈ 22ರಿಂದ ಸೆಪ್ಟೆಂಬರ್ 21ರವರೆಗೆ ಸುಮಾರು 2,65,000 ಜನರನ್ನು ಟ್ರೆಬ್ಲಿಂಕಾಗೆ ಒಯ್ದು ಕೊಂದರು. ಮುದುಕರು, ಚಿಕ್ಕ ಮಕ್ಕಳು ಮೊದಲು ಹೋದರು. ಉಳಿದ 50–60 ಸಾವಿರ ಜನರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು, ಮನೆಯವರನ್ನೆಲ್ಲ ಕಳೆದುಕೊಂಡವರು. ತಾನು ಏನಾದರೂ ಮಾಡಿದರೆ ಅಮ್ಮನಿಗೇನಾಗುತ್ತದೋ ಅನ್ನುವ ಹೆದರಿಕೆ ಆಗ ಹೋಗಿತ್ತು, ಯಾಕೆಂದರೆ ಅಮ್ಮನೇ ಇರಲಿಲ್ಲ. 1943ರ ಜನವರಿ 18ರಂದು ಜರ್ಮನ್ನರು ಮತ್ತೆ ಜನರನ್ನು ಒಯ್ಯಲು ಬಂದಾಗ ಮೊರ್ದೆಖಾಯ್ ಅನಿಯೆಲೆವಿಚ್ ಮತ್ತು ಸಂಗಡಿಗರು ಪಿಸ್ತೂಲು ಬಚ್ಚಿಟ್ಟುಕೊಂಡು ಆ ಸಾಲಿನಲ್ಲೇ ಸೇರಿ ನಡೆದರು. ರಸ್ತೆ ತಿರುವಿನಲ್ಲಿ ಸನ್ನೆ ಸಿಕ್ಕ ಕೂಡಲೇ ಕಾವಲಿನವರ ಮೇಲೆ ಗುಂಡು ಹಾರಿಸಿದರು. ಹಾರಿಸಿದವರಲ್ಲಿ ಹೆಚ್ಚಿನವರು ಅಲ್ಲೇ ಸತ್ತರು, ಸಾಲಿನಲ್ಲಿದ್ದ ಜನ ಚದುರಿ ಓಡಿದರು. ಏಪ್ರಿಲ್ 19ರಂದು, ಯಹೂದಿಗಳ ಪಾಸೋವರ್ ಹಬ್ಬದ ಮುನ್ನಾದಿನ, ದೊಡ್ಡ ದಾಳಿ ಶುರುವಾಯಿತು. ಅನಿಯೆಲೆವಿಚ್‌ಗೆ ಆಗ 24. ಎರಡು ಸಂಘಟನೆಗಳ ಏಳೆಂಟು ನೂರು ಹುಡುಗ ಹುಡುಗಿಯರು, ಬಂಕರುಗಳಲ್ಲಿ ಅಡಗಿ ಸಹಕಾರ ಕೊಡದ ಸಾವಿರಾರು ಸಾಮಾನ್ಯ ಜನ, ಇವರ ಎದುರು ಟ್ಯಾಂಕು, ಫಿರಂಗಿ. ಮುಗಿಯಿತು ಅಂತ ಸ್ಟ್ರೂಪ್ ಘೋಷಿಸಿದ್ದು ಮೇ 16ರಂದು. ಮಿಲಾ ಬೀದಿಯ 18ನೇ ನಂಬರಿನ ಬಂಕರಿನಲ್ಲಿ ಅನಿಯೆಲೆವಿಚ್ ಮೇ 8ರಂದೇ ಸತ್ತಿದ್ದ. ಎರಡು ದಿನ ಆದ ಮೇಲೆ 19 ವರ್ಷದ ಕಾಜಿಕ್ ಅನ್ನುವ ಹುಡುಗ ಉಳಿದ ಕೆಲವು ಹತ್ತು ಜನರನ್ನು ಚರಂಡಿ ಸುರಂಗದ ಮೂಲಕ ಹೊರಗೆ ಕರೆದುಕೊಂಡು ಹೋದ.

ಆ ದಂಗೆಯ ಮುಂದಾಳುಗಳಲ್ಲಿ ಬದುಕಿ ಉಳಿದ ಮಾರೆಕ್ ಎಡೆಲ್ಮನ್ ಮುಂದೆ ಪೋಲೆಂಡಿನಲ್ಲೇ ಹೃದ್ರೋಗದ ಡಾಕ್ಟರಾದರು. ಬಂದೂಕು ಹಿಡಿದು ಸತ್ತವರನ್ನು ಮಾತ್ರ ದೊಡ್ಡವರು ಮಾಡಿದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತಿತ್ತು. ಮಕ್ಕಳ ಜೊತೆ, ಮುದಿ ಅಪ್ಪ ಅಮ್ಮನ ಜೊತೆ ಸುಮ್ಮನೆ ರೈಲಿನ ಕಡೆ ನಡೆದವರ ಸಾವು ಹೊಡೆದಾಡಿ ಸಾಯುವುದಕ್ಕಿಂತ ಕಷ್ಟದ್ದು ಅಂತ ಅವರು ಹೇಳುತ್ತಿದ್ದರು. ಹೊಡೆದಾಡಿದವರೇ ಹೇಳಿದ ಮಾತು ಇದು. ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ.

ಇನ್ನೂ ಅನುಮಾನ ಇದ್ದರೆ ಒಂದು ಲೆಕ್ಕ ನೋಡಲಿ. ಜರ್ಮನ್ನರು ಸುಮಾರು 57 ಲಕ್ಷ ಸೋವಿಯತ್ ಸೈನಿಕರನ್ನು ಸೆರೆ ಹಿಡಿದರು. ಅವರಲ್ಲಿ ಸುಮಾರು 33 ಲಕ್ಷ ಜನ ಸೆರೆಯಲ್ಲೇ ಸತ್ತರು. ತರಬೇತಿ ಪಡೆದ, ಗಟ್ಟಿಮುಟ್ಟಾದ ತರುಣರು. ಜೊತೆಗೆ ಹೆಂಡತಿ ಮಕ್ಕಳೂ ಇರಲಿಲ್ಲ. ಅವರಿಗೂ ಬೇಲಿಯೊಳಗೆ ಹಸಿವಿನಲ್ಲಿ ತಿರುಗಿ ಬೀಳುವುದು ಸಾಧ್ಯವಾಗಲಿಲ್ಲ. ಅವರನ್ನು ಕುರಿಗಳು ಅಂತ ಯಾರೂ ಕರೆಯುವುದಿಲ್ಲ.

ಮಾವನವರ ಮಾತಿಗೆ ಬರೋಣ. ಅವರು ಹೇಳಿದ್ದು ಸರಿ, ಗಾಂಧೀಜಿ ಬರೆದಿದ್ದರು. 1938ರ ನವೆಂಬರ್ 26ರ ‘ಹರಿಜನ’ ಪತ್ರಿಕೆಯಲ್ಲಿ. ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಎರಡು ವಾರ ಆಗಿತ್ತು. ನಾನು ಜರ್ಮನಿಯಲ್ಲಿ ಹುಟ್ಟಿದ ಯಹೂದಿಯಾಗಿದ್ದರೆ ಇದು ನನ್ನ ಮನೆ ಅನ್ನುತ್ತಿದ್ದೆ, ಬೇಕಾದರೆ ಗುಂಡು ಹೊಡೆ ಅಂತ ಎದುರು ನಿಲ್ಲುತ್ತಿದ್ದೆ ಅನ್ನುವುದು ಅವರ ಮಾತಿನ ತಿರುಳು. ಆ ನೋವು ಅವರಿಗೆ ನಿಜವಾಗಿ ತಟ್ಟಿತ್ತು, ಅದರಲ್ಲಿ ನನಗೆ ಸಂಶಯ ಇಲ್ಲ. ಗ್ಯಾಸ್ ಚೇಂಬರುಗಳು ಆಗಿನ್ನೂ ಇರಲಿಲ್ಲ ಅನ್ನುವುದನ್ನೂ ಮರೆಯಬಾರದು. ಅದೇ ವರ್ಷ ಜರ್ಮನಿ ಬಿಟ್ಟು ಜೆರುಸಲೇಮಿಗೆ ಹೋಗಿದ್ದ ತತ್ವಜ್ಞಾನಿ ಮಾರ್ಟಿನ್ ಬೂಬರ್ ಗಾಂಧೀಜಿಯನ್ನು ತುಂಬಾ ಗೌರವಿಸುತ್ತಿದ್ದರು. 1939ರ ಫೆಬ್ರುವರಿಯಲ್ಲಿ ಅವರು ಬರೆದ ಪತ್ರದಲ್ಲಿ, ಸೆರೆಶಿಬಿರಗಳಲ್ಲಿ ಏನಾಗುತ್ತಿದೆ ಅಂತ ನಿಮಗೆ ಗೊತ್ತಾ ಅಂತ ಕೇಳಿದರು. ನೋಡುವವರೇ ಇಲ್ಲದ ಕಡೆ ಮಾಡಿದ ಬಲಿದಾನ ಯಾರಿಗೂ ಕೇಳಿಸುವುದಿಲ್ಲ ಅನ್ನುವುದು ಅವರ ವಾದ.

ಈ ವಾದದಲ್ಲಿ ನಾನು ಬೂಬರ್ ಕಡೆ. ಸತ್ಯಾಗ್ರಹ ನಡೆಯಲು ಕೆಲವು ಸಂಗತಿ ಬೇಕು. ಜೈಲಿಗೆ ಹೋದವನು ಒಂದು ದಿನ ಹೊರಗೆ ಬರಬೇಕು. ಲಾಠಿ ಏಟಿನ ಸುದ್ದಿ ಪೇಪರಿನಲ್ಲಿ ಬರಬೇಕು. ಆಳುವವನಿಗೆ ನೀನು ಬೇಕಾಗಿರಬೇಕು, ನಿನ್ನ ದುಡಿಮೆಗೋ ತೆರಿಗೆಗೋ. ನಾಜಿಗಳಿಗೆ ಬೇಕಾಗಿದ್ದದ್ದು ಯಹೂದಿಗಳು ಇಲ್ಲದಿರುವುದು. ಅಲ್ಲಾಡುವುದಿಲ್ಲ ಅಂತ ಕೂತವನನ್ನು ಕೂತಲ್ಲೇ ಕೊಂದರೆ ಅವರ ಕೆಲಸ ಹಗುರ ಆಗುತ್ತಿತ್ತು.

ಹಾಗಾದರೆ ಒಬ್ಬ ಹದಿನೆಂಟರ ಹುಡುಗನಿಗೋ ಹುಡುಗಿಗೋ ಅಲ್ಲಿ ಏನೇನು ದಾರಿ ಇತ್ತು? ಮಗನ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಇದನ್ನು ಬಿಡಿಸಿ ಹೇಳಿ.

ಘೆಟ್ಟೊ ಗೋಡೆ ದಾಟಿ ಹೊರಗೆ ಹೋಗಿ, ಯಹೂದಿ ಅಲ್ಲ ಅಂತ ಬದುಕುವುದು ಒಂದು ದಾರಿ. 1941ರ ಅಕ್ಟೋಬರಿನಿಂದ ಪೋಲೆಂಡಿನಲ್ಲಿ ಅನುಮತಿ ಇಲ್ಲದೆ ಘೆಟ್ಟೊ ಬಿಟ್ಟವರಿಗೆ ಮರಣದಂಡನೆ, ಆಶ್ರಯ ಕೊಟ್ಟವರಿಗೂ ಅದೇ. ಗುರುತು ಹಿಡಿದು ಹಣ ಕೀಳುವವರು ಬೀದಿ ಬೀದಿಯಲ್ಲಿದ್ದರು. ಗಂಡುಮಕ್ಕಳಿಗೆ ಸುನ್ನತಿ ಆಗಿರುತ್ತಿದ್ದುದರಿಂದ ಪೊಲೀಸರಿಗೆ ಗುರುತಿಸುವುದು ಸುಲಭ. ಅದಕ್ಕೇ ಊರಿಂದೂರಿಗೆ ಸುದ್ದಿ, ಹಣ, ಸುಳ್ಳು ಕಾಗದ, ಪಿಸ್ತೂಲು ಸಾಗಿಸುವ ಕೆಲಸವನ್ನು ಹೆಚ್ಚಾಗಿ ಮಾಡಿದವರು ಹುಡುಗಿಯರು. ಗಂಡುಮಕ್ಕಳನ್ನು ಧಾರ್ಮಿಕ ಶಾಲೆಗೆ, ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಹಾಗಾಗಿ ಹುಡುಗಿಯರ ಪೋಲಿಷ್ ಮಾತು ಊರಿನವರ ಹಾಗೇ ಇರುತ್ತಿತ್ತು.

ಅಂಥವರಲ್ಲಿ ಒಬ್ಬಳು ಬೇಲಾ ಹಜಾನ್. ವಯಸ್ಸು 19. ಕ್ರೈಸ್ತ ಹೆಸರಿನ ಸುಳ್ಳು ಕಾಗದ ಇಟ್ಟುಕೊಂಡು ಗ್ರೋಡ್ನೊ ಊರಿನಲ್ಲಿ ಕೆಲಸ ಹುಡುಕಿದಾಗ ಸಿಕ್ಕಿದ್ದು ಎಲ್ಲಿ ಗೊತ್ತಾ? ಗೆಸ್ಟಾಪೊ ಕಚೇರಿಯಲ್ಲಿ, ದುಭಾಷಿಯಾಗಿ. 1941ರ ಕ್ರಿಸ್‌ಮಸ್ ಪಾರ್ಟಿಗೆ ಕಚೇರಿಯವರು ಅವಳನ್ನು ಕರೆದರು. ಅದೇ ಹೊತ್ತಿಗೆ ಭೂಗತ ಕೆಲಸದ ಇಬ್ಬರು ಗೆಳತಿಯರು, ಲೋಂಕಾ ಮತ್ತು ತೇಮಾ, ಅವಳ ಮನೆಗೆ ಬಂದಿದ್ದರು. ಹೋಗದಿದ್ದರೆ ಅನುಮಾನ ಬರುತ್ತದೆ ಅಂತ ಮೂವರೂ ಹೋದರು. ಅಲ್ಲಿ ತೆಗೆದ ಒಂದು ಫೋಟೊ ಉಳಿದಿದೆ: ಮೂವರು ಚೆಂದದ ಹುಡುಗಿಯರು, ಒತ್ತಿ ನಿಂತಿದ್ದಾರೆ, ಮುಖದಲ್ಲಿ ನಗು. ಸುತ್ತ ಇದ್ದವರಿಗೆ ಅವರು ಯಾರು ಅಂತ ಗೊತ್ತಿರಲಿಲ್ಲ. ತೇಮಾ 1943ರ ಜನವರಿಯಲ್ಲಿ ಸತ್ತಳು. ಲೋಂಕಾ ಸಿಕ್ಕಿಬಿದ್ದಳು. ಅವಳನ್ನು ಹುಡುಕಿಕೊಂಡು ಹೋದ ಬೇಲಾ ಕೂಡ ಸಿಕ್ಕಿಬಿದ್ದಳು. ಇಬ್ಬರನ್ನೂ ಪೋಲಿಷ್ ಕ್ರೈಸ್ತರು ಅಂದುಕೊಂಡೇ ಆಶ್ವಿಟ್ಸ್‌ಗೆ ಕಳಿಸಿದರು. ಲೋಂಕಾ ಅಲ್ಲಿ ಟೈಫಸ್‌ನಿಂದ ಸತ್ತಳು, ಬೇಲಾ ಬದುಕಿ ಬಂದಳು.

ಮೂವರೂ ಒಂದೇ ಕೆಲಸ ಮಾಡಿದವರು, ಒಂದೇ ಧೈರ್ಯದವರು. ಒಬ್ಬಳು ಉಳಿದಳು. ಧೈರ್ಯ ಇದ್ದವರು ಬದುಕಿದರು, ಇಲ್ಲದವರು ಸತ್ತರು ಅನ್ನುವ ಕಥೆ ಸುಳ್ಳು ಅನ್ನಲು ಇದಕ್ಕಿಂತ ಸಾಕ್ಷಿ ಬೇಡ. ಅದೃಷ್ಟದ ಪಾಲು ತುಂಬಾ ದೊಡ್ಡದು.

ಇನ್ನೊಂದು ದಾರಿ, ಸುಳ್ಳು ಕಾಗದ ತಯಾರಿಸುವುದು. ಫ್ರಾನ್ಸಿನ ಅಡಾಲ್ಫೊ ಕಮಿನ್‌ಸ್ಕಿ ಹದಿಹರೆಯದಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಡೆ ಕೆಲಸ ಕಲಿತ, ಡೇರಿಯಲ್ಲೂ ದುಡಿದ. ಆಗಿನ ಗುರುತಿನ ಚೀಟಿಗಳ ನೀಲಿ ಶಾಯಿ ಅಳಿಸಲು ಯಾರಿಗೂ ಬರುತ್ತಿರಲಿಲ್ಲ. ಹಾಲು ಹುಳಿಯಾದಾಗ ಬರುವ ಲ್ಯಾಕ್ಟಿಕ್ ಆಮ್ಲ ಆ ಶಾಯಿಯನ್ನು ಅಳಿಸುತ್ತದೆ ಅಂತ ಅವನಿಗೆ ಗೊತ್ತಿತ್ತು. ಪ್ಯಾರಿಸ್ಸಿನ ಒಂದು ಅಟ್ಟದಲ್ಲಿ, ಚಿತ್ರಕಲಾವಿದರ ಕೋಣೆ ಅಂತ ಅಕ್ಕಪಕ್ಕದವರನ್ನು ನಂಬಿಸಿ, ಅವನೂ ಗೆಳೆಯರೂ ರಾತ್ರಿ ಹಗಲು ಚೀಟಿ ಬರೆದರು. ಒಮ್ಮೆ 300 ಮಕ್ಕಳಿಗೆ 900 ಕಾಗದ ಮೂರೇ ದಿನದಲ್ಲಿ ಬೇಕಾಯಿತು. ಗಂಟೆಗೆ 30 ಆಗುತ್ತದೆ, ನಾನು ಒಂದು ಗಂಟೆ ಮಲಗಿದರೆ 30 ಜನ ಸಾಯುತ್ತಾರೆ ಅಂತ ಲೆಕ್ಕ ಹಾಕಿ ನಿದ್ದೆ ಬಿಟ್ಟ. ಈ ಗುಂಪಿನ ಕಾಗದಗಳಿಂದ ಉಳಿದವರು ಸುಮಾರು 14,000 ಅಂತ ಅಂದಾಜು. ಒಂದು ಗುಂಡೂ ಹಾರಿಸದ ಹುಡುಗ.

ಬುಡಾಪೆಸ್ಟ್‌ನಲ್ಲಿ 1944ರಲ್ಲಿ ಇದೇ ಕೆಲಸ ಇನ್ನೂ ದೊಡ್ಡದಾಗಿ ನಡೆಯಿತು. ಸ್ವಿಸ್ ಅಧಿಕಾರಿ ಕಾರ್ಲ್ ಲುಟ್ಸ್ ಅವರಿಗೆ ಕೆಲವು ಸಾವಿರ ರಕ್ಷಣಾ ಪತ್ರ ಕೊಡಲು ಅನುಮತಿ ಇತ್ತು. ಯುವಕ ಸಂಘಗಳ ಹುಡುಗರು ಅದೇ ನಮೂನೆಯ ಹತ್ತಾರು ಸಾವಿರ ನಕಲಿ ಪತ್ರ ಮಾಡಿ ಹಂಚಿದರು. ಕೆಲವರು ಹಂಗೇರಿಯ ನಾಜಿ ಪಕ್ಷದ ಸಮವಸ್ತ್ರವನ್ನೇ ತೊಟ್ಟು, ಬಂಧನದಲ್ಲಿದ್ದವರನ್ನು ‘ನಮಗೆ ಒಪ್ಪಿಸಿ’ ಅಂತ ದಬಾಯಿಸಿ ಕರೆದುಕೊಂಡು ಬಂದರು. ನಕಲಿ ಕಾಗದ ಜಾಸ್ತಿಯಾದ ಹಾಗೆ ಅಸಲಿ ಕಾಗದದ ಮೇಲೂ ಅನುಮಾನ ಬರುತ್ತದೆ ಅನ್ನುವ ಅಪಾಯ ಇತ್ತು. ಗೊತ್ತಿದ್ದೇ ಮಾಡಿದರು.

ಮಕ್ಕಳನ್ನು ಗಡಿ ದಾಟಿಸುವುದು ಮತ್ತೊಂದು. 21 ವರ್ಷದ ಮರಿಯಾನ್ ಕೋನ್ 1944ರ ಮೇ 31ರಂದು 28 ಮಕ್ಕಳನ್ನು ಫ್ರಾನ್ಸಿನಿಂದ ಸ್ವಿಟ್ಜರ್‌ಲ್ಯಾಂಡಿಗೆ ಒಯ್ಯುವಾಗ ಗಡಿಯ ಹತ್ತಿರ ಸಿಕ್ಕಿಬಿದ್ದಳು. ಆನೆಮಾಸ್ ಊರಿನ ಮೇಯರ್ ಚಿಕ್ಕ ಮಕ್ಕಳನ್ನು ಹೇಗೋ ಬಿಡಿಸಿದರು. ಅವಳನ್ನೂ ಜೈಲಿನಿಂದ ತಪ್ಪಿಸುವ ಏರ್ಪಾಡು ಆಯಿತು. ಅವಳು ಒಪ್ಪಲಿಲ್ಲ. ತಾನು ಓಡಿಹೋದರೆ ಒಳಗಿರುವ ಮಕ್ಕಳ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಅಂದಳು. ನಾನು ಮೇಲೆ ಹೇಳಿದ ಅದೇ ಲೆಕ್ಕ. ಜುಲೈನಲ್ಲಿ ಅವಳನ್ನು ಕೊಂದರು. ಆ 28 ಮಕ್ಕಳೂ ಬದುಕಿದರು.

ಕಾಡಿಗೆ ಹೋಗಲು ಆಯುಧ ಬೇಕಿತ್ತು. ಎಷ್ಟೋ ಗೆರಿಲ್ಲಾ ಗುಂಪುಗಳು ಬರಿಗೈಯಲ್ಲಿ ಬಂದವರನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು, ಸೇರಿಸುತ್ತಿರಲಿಲ್ಲ. ಬೆಲಾರುಸಿನ ಕಾಡಿನಲ್ಲಿ ಬಿಯೆಲ್‌ಸ್ಕಿ ಅಣ್ಣತಮ್ಮಂದಿರು ಎಲ್ಲರನ್ನೂ ಸೇರಿಸಿದರು. 1944ರಲ್ಲಿ ಸೋವಿಯತ್ ಸೇನೆ ಬಂದಾಗ ಅವರ ಜೊತೆ ಸುಮಾರು 1,200 ಜನ ಜೀವಂತ ಹೊರಗೆ ಬಂದರು. ಜರ್ಮನ್ನರನ್ನು ಕೊಲ್ಲುವುದಕ್ಕಿಂತ ನಮ್ಮವರನ್ನು ಉಳಿಸುವುದು ಮುಖ್ಯ ಅನ್ನುವುದು ಹಿರಿಯ ತೂವಿಯಾನ ನಿಲುವು. ನನಗೆ ಆ ನಿಲುವು ತುಂಬಾ ದೊಡ್ಡದಾಗಿ ಕಾಣುತ್ತದೆ.

ಇನ್ನು ಶಿಬಿರದೊಳಗೆ. ಆಶ್ವಿಟ್ಸ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿಯರು ಚಿಟಿಕೆ ಚಿಟಿಕೆ ಸಿಡಿಮದ್ದನ್ನು ಬಟ್ಟೆ ಚೂರಿನಲ್ಲಿ ಕಟ್ಟಿ, ಉಡುಪಿನೊಳಗೆ ಬಚ್ಚಿಟ್ಟು ತಂದರು. ರೋಜಾ ರೋಬೋಟಾ ಅನ್ನುವ 23ರ ಹುಡುಗಿ ಅದನ್ನು ಹೆಣ ಸುಡುವ ಕೆಲಸಕ್ಕೆ ಹಾಕಿದ್ದ ಯಹೂದಿ ಕೈದಿಗಳಿಗೆ ತಲುಪಿಸಿದಳು. 1944ರ ಅಕ್ಟೋಬರ್ 7ರಂದು ಅವರು ದಂಗೆ ಎದ್ದು ಒಂದು ಕ್ರೆಮಟೋರಿಯಂ ಸುಟ್ಟರು. ಸುಮಾರು 450 ಕೈದಿಗಳು ಸತ್ತರು. ರೋಜಾಳಿಗೆ ಎಷ್ಟು ಚಿತ್ರಹಿಂಸೆ ಕೊಟ್ಟರೂ ಬದುಕಿದ್ದವರ ಹೆಸರು ಬಿಡಲಿಲ್ಲ. 1945ರ ಜನವರಿ ಮೊದಲ ವಾರ ಅವಳನ್ನೂ ಇನ್ನು ಮೂವರು ಹುಡುಗಿಯರನ್ನೂ ಗಲ್ಲಿಗೇರಿಸಿದರು. ಸೋವಿಯತ್ ಸೇನೆ ಬಂದದ್ದು ಜನವರಿ 27ಕ್ಕೆ.

ಹದಿನಾಲ್ಕರ ಹುಡುಗನಿಗೆ ಹೇಗೆ ಹೇಳುವುದು ಅಂತ ಕೇಳಿದ್ದೀರಿ. ಹೇಳಲು ಹಿಂಜರಿಯಬೇಡಿ, ಅವನಾಗಲೇ ಫೋಟೊ ನೋಡಿಬಿಟ್ಟಿದ್ದಾನೆ. ಹೆಣಗಳ ರಾಶಿಯ ಚಿತ್ರಗಳಿಂದ ಶುರು ಮಾಡಬೇಡಿ. ಕೆಲವು ಮಕ್ಕಳಿಗೆ ನಿದ್ದೆ ಕೆಡುತ್ತದೆ, ಕೆಲವರಿಗೆ ಮನಸ್ಸು ಜಡ್ಡುಗಟ್ಟುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಸಿನಿಮಾ ತೋರಿಸಬಹುದು, ಜೊತೆಗೆ ಕೂತು ನೋಡಿ. ಸಿನಿಮಾಕ್ಕೆ ಬದುಕಿ ಉಳಿಯುವ ನಾಯಕ ಬೇಕು, ಹಾಗಾಗಿ ಜಾಣರು ಉಳಿಯುತ್ತಾರೆ ಅನ್ನುವ ಭಾವನೆ ಬಂದುಬಿಡುತ್ತದೆ. ಆನ್ ಫ್ರಾಂಕ್ ಡೈರಿ ಕೊಡುವುದಾದರೆ, ಅದು 1944ರ ಆಗಸ್ಟ್ 1ಕ್ಕೆ ನಿಲ್ಲುತ್ತದೆ, ಆಗಸ್ಟ್ 4ಕ್ಕೆ ಅವಳನ್ನು ಹಿಡಿದರು, 15ನೇ ವಯಸ್ಸಿನಲ್ಲಿ ಬೆರ್ಗೆನ್–ಬೆಲ್ಸೆನ್ ಶಿಬಿರದಲ್ಲಿ ಸತ್ತಳು ಅನ್ನುವುದನ್ನೂ ಹೇಳಲೇಬೇಕು. ಇಲ್ಲದಿದ್ದರೆ ಕಥೆ ಅರ್ಧಕ್ಕೇ ನಿಂತ ಹಾಗೆ. ಕ್ಲಾಸಿನಲ್ಲಿ ‘ನೀನು ನಾಜಿ, ನೀನು ಯಹೂದಿ’ ಅಂತ ನಾಟಕ ಆಡಿಸುವುದು ಉಂಟು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಒಬ್ಬರಿಗೆ ಆಟ, ಇನ್ನೊಬ್ಬರಿಗೆ ಅವಮಾನ, ಕಲಿಯುವುದು ಏನೂ ಇಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತಲೂ ಕೇಳಬೇಡಿ. ಊಟ ಮಾಡಿ ಫ್ಯಾನ್ ಕೆಳಗೆ ಕೂತವರಿಗೆ ಅದಕ್ಕೆ ಉತ್ತರ ಸಿಗುವುದಿಲ್ಲ. ‘ಅವನಿಗೆ ಆ ದಿನ ಏನೇನು ಗೊತ್ತಿತ್ತು? ಯಾರು ಯಾರು ಅವನನ್ನು ನೆಚ್ಚಿಕೊಂಡಿದ್ದರು?’ ಅಂತ ಕೇಳಿ. ಮಕ್ಕಳು ಚೆನ್ನಾಗಿ ಯೋಚನೆ ಮಾಡುತ್ತಾರೆ.

ಪ್ರಾಜೆಕ್ಟಿಗೆ ನನ್ನ ಸಲಹೆ, ಅವನದೇ ವಯಸ್ಸಿನ ಪೀಟರ್ ಗಿಂಜ್. ಪ್ರಾಗ್ ಊರಿನ ಹುಡುಗ. 1942ರಲ್ಲಿ, 14ನೇ ವಯಸ್ಸಿನಲ್ಲಿ, ಅವನೊಬ್ಬನನ್ನೇ ತೆರೆಜಿನ್ ಘೆಟ್ಟೊಗೆ ಕಳಿಸಿದರು. ಅಲ್ಲಿ ಹುಡುಗರ ಕೋಣೆಯಲ್ಲಿ ಅವನು ‘ವೆದೆಮ್’ ಅನ್ನುವ ವಾರಪತ್ರಿಕೆಯ ಸಂಪಾದಕನಾದ. ಇದ್ದದ್ದು ಒಂದೇ ಪ್ರತಿ. ಶುಕ್ರವಾರ ರಾತ್ರಿ ಎಲ್ಲರೂ ಮಂಚಗಳ ಸುತ್ತ ಕೂತು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಕವಿತೆ, ತಮಾಷೆ, ಘೆಟ್ಟೊದ ಅಡುಗೆಮನೆ, ಹೆಣ ಸುಡುವ ಜಾಗದ ವರದಿ ಎಲ್ಲ ಇತ್ತು. ಪೀಟರ್‌ನನ್ನು 1944ರಲ್ಲಿ ಆಶ್ವಿಟ್ಸ್‌ಗೆ ಒಯ್ದು ಕೊಂದರು. ಜ್ದೆನೆಕ್ ತೌಸಿಗ್ ಅನ್ನುವ ಗೆಳೆಯ ಸುಮಾರು 800 ಪುಟಗಳನ್ನು ಬಚ್ಚಿಟ್ಟು ಉಳಿಸಿದ. ಪೀಟರ್ ಬರೆದ, ಚಂದ್ರನ ಮೇಲಿಂದ ಭೂಮಿ ಕಾಣುವ ಚಿತ್ರದ ಒಂದು ಪ್ರತಿಯನ್ನು ಇಸ್ರೇಲಿನ ಮೊದಲ ಗಗನಯಾತ್ರಿ ಇಲಾನ್ ರಾಮೋನ್ 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಒಯ್ದಿದ್ದರು. ನಮ್ಮ ಕಲ್ಪನಾ ಚಾವ್ಲಾ ಇದ್ದ ಅದೇ ನೌಕೆ. ನಿಮ್ಮ ಮಗನ ಕ್ಲಾಸಿನವರಿಗೆ ಆ ಹೆಸರು ಗೊತ್ತಿರುತ್ತದೆ, ಅಲ್ಲಿಂದ ಶುರು ಮಾಡಿದರೆ ಎಲ್ಲರೂ ಕೇಳುತ್ತಾರೆ.

ಕೈ ಎತ್ತಿದ ಹುಡುಗನ ಫೋಟೊ ಹಾಕಲೇಬೇಕು ಅಂತಿದ್ದರೆ ಹಾಕಲಿ. ಕೆಳಗೆ ಎರಡು ಸಾಲು ಬರೆಯಲಿ: ಇದನ್ನು ತೆಗೆದವರು ಯಾರು, ಯಾವ ವರದಿಗೆ. ಪಕ್ಕದಲ್ಲಿ ಬೇಲಾ, ಲೋಂಕಾ, ತೇಮಾ ಇರುವ ಫೋಟೊ ಇಡಲಿ. ಬರೆದು ಮುಗಿಸಿದ ಮೇಲೆ ಅವನಿಗೆ ಇನ್ನೇನಾದರೂ ಕೇಳಬೇಕು ಅನ್ನಿಸಿದರೆ ಅವನ ಕೈಯಲ್ಲೇ ಬರೆಸಿ ಕಳಿಸಿ.